ತಕ್ಕಡಿಯ ಮುಷ್ಕರ

ಅನ್ನ, ಮುದ್ದೆ ಬಿಟ್ಟು ತುಪ್ಪ-ಪನೀರುಗಳ ‘ಕೀಟೋ’ ವ್ರತ ಹಿಡಿದೆವು. ಮೊದಲ ತಿಂಗಳು ನಾಲ್ಕು ಕಿಲೋ ಇಳಿದೆವು. ಆಮೇಲೆ ತಕ್ಕಡಿಯ ಮುಳ್ಳು ಮುಷ್ಕರ ಹೂಡಿತು. ತಪ್ಪೆಲ್ಲ ಇನ್ಸುಲಿನ್ನಿನದೆಂದು ಕಚೇರಿಯ ಮಿತ್ರರ ತೀರ್ಪು. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದ ಈ ರಸ ಕೊಬ್ಬಿನ ಉಗ್ರಾಣದ ಕಾವಲುಗಾರ, ನಿಜ. ಪಿಷ್ಟ ಬಿಟ್ಟರೆ ಅದರ ಬಿಗಿ ಸಡಿಲವಾಗುವುದೂ ನಿಜ. ಆದರೆ ತಿಂದ ತುಪ್ಪವೇ ದಿನದ ಖರ್ಚಿಗೆ ಸಾಲುವಾಗ ಉಗ್ರಾಣ ಬರಿದಾಗುವುದು ಹೇಗೆ? ಮೊದಲು ಇಳಿದುದರಲ್ಲಿ ನೀರಿನ ಪಾಲೂ ಬಹಳ. ಹಗುರಾದ ದೇಹಕ್ಕೆ ಬೇಕಾದುದೂ ಕಡಿಮೆ. ತುಪ್ಪ ತಗ್ಗಿಸಿ, ಆರ್.ಕೆ. ಪುರಂನ ಸಂಘಕ್ಕೆ ಬಸ್ಸು ಬಿಟ್ಟು ನಡೆದೆವು, ಮುಳ್ಳು ಅಲುಗಿತು.

ಇನ್ಸುಲಿನ್ ಚುಚ್ಚಿಕೊಳ್ಳುವ ನಮ್ಮ ಭಾವನವರೂ ಈ ವ್ರತಕ್ಕೆ ಹೊರಟಾಗ ಮಾತ್ರ ಕೈಹಿಡಿದು ನಿಲ್ಲಿಸಿದೆವು. ಅನ್ನ ಬಿಟ್ಟು ಹಳೆಯ ಪ್ರಮಾಣದ ಮದ್ದನ್ನೇ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ. ಮೊದಲು ವೈದ್ಯರು, ಆಮೇಲೆ ವ್ರತ.