ಯಂತ್ರವೂ ನಿಜವನ್ನೇ ನುಡಿಯಬೇಕು

ಗಣಕಯಂತ್ರದ ದೋಷಗಳಲ್ಲಿ ದೊಡ್ಡವು, ಚಿಕ್ಕವು ಎಂದು ಎರಡು ಪಂಕ್ತಿ ಮಾಡುವುದು ರೂಢಿ. ಯಂತ್ರವನ್ನೇ ನಿಲ್ಲಿಸುವ ದೋಷ ದೊಡ್ಡದು. ಕೆಲಸದ ಸ್ಥಿತಿಯನ್ನು ಮಾತ್ರ ತಪ್ಪಾಗಿ ತಿಳಿಸುವ ದೋಷ ಚಿಕ್ಕದು ಎಂದು ಹಲವರ ಎಣಿಕೆ. ಈ ಎಣಿಕೆ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಲಿನಕ್ಸ್ ಕರ್ನೆಲನ್ನೇ ನೋಡೋಣ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಈ ಕರ್ನೆಲ್ ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಇದೆ. ಅದರೊಳಗೆ ನಡೆಯುವ ಘಟನೆಗಳ ಜಾಡು ಹಿಡಿದು ಬರೆದಿಡಲು ಎಫ್‌ಟ್ರೇಸ್ ಎಂಬ ಏರ್ಪಾಡು 2008ರಲ್ಲಿ ಸೇರಿತು. ಘಟನೆಗೊಂದು, ಘಟನೆಗಳ ಗುಂಪಿಗೊಂದು ‘ಎನೇಬಲ್’ ಎಂಬ ಪುಟ್ಟ ಕಡತವುಂಟು. ಗುಂಪಿನ ಕಡತವನ್ನು ಓದಿದರೆ ಒಂದೇ ಗುರುತಿನ ಉತ್ತರ. 0 ಎಂದರೆ ಎಲ್ಲವೂ ನಿಂತಿವೆ. 1 ಎಂದರೆ ಎಲ್ಲವೂ ನಡೆದಿವೆ. ಎಕ್ಸ್ ಎಂದರೆ ಕೆಲವು ನಡೆದಿವೆ, ಕೆಲವು ನಿಂತಿವೆ. ಪ್ರಶ್ನಾರ್ಥಕ ಚಿಹ್ನೆಯೆಂದರೆ ಆ ಕಡತಕ್ಕೆ ಅಧೀನವಾದ ಘಟನೆಯೇ ಇಲ್ಲ.

ತೊಡಕಿರುವುದು ಇಲ್ಲಿಯೇ. ಒಂದು ಘಟನೆ ನಡೆದೊಡನೆ ಮತ್ತೊಂದರ ದಾಖಲೆ ತೊಡಗಲಿ ಎಂದು ನಾವು ಆಜ್ಞೆ ಮಾಡಬಹುದು. ಆಗ ಆ ಎರಡನೆಯದು ಒಳಗೆ ಎಚ್ಚತ್ತಿರುತ್ತದೆ, ಆದರೆ ಏನನ್ನೂ ಬರೆಯುವುದಿಲ್ಲ. ಆ ಘಟನೆಯ ಕಡತವು 0ಯ ಪಕ್ಕದಲ್ಲಿ ನಕ್ಷತ್ರದ ಗುರುತಿಟ್ಟು ಇದನ್ನು ತಿಳಿಸುತ್ತದೆ. ಹೀಗಿರುವಲ್ಲಿ, ಎಚ್ಚತ್ತಿದೆಯೇ ಎಂಬುದೊಂದನ್ನೇ ನೋಡಿ 1 ಎಂದುಬಿಟ್ಟರೆ ಅದು ಸುಳ್ಳು ವರದಿ. ನಂಬಿದವನಿಗೆ ಕಡೆಗೆ ದೊರೆಯುವುದು ಬರಿಯ ಖಾಲಿ ಪುಟ. ಅಷ್ಟೇ ಅಲ್ಲ, ಘಟನೆಯೇ ನಡೆಯಲಿಲ್ಲವೆಂದು ಅವನು ತೀರ್ಮಾನಿಸಿಯಾನು. ಚರಿತ್ರೆಯನ್ನು ಓದುವ ನಮಗೆ ಈ ಅಪಾಯ ಹೊಸದಲ್ಲ. ಶಾಸನ ದೊರೆಯಲಿಲ್ಲವೆಂದ ಮಾತ್ರಕ್ಕೆ ದಾನವೇ ನಡೆಯಲಿಲ್ಲವೆನ್ನಲಾದೀತೇ?

“ಕೆಲಸ ನಡೆದರಾಯಿತು, ಸುದ್ದಿ ತಪ್ಪಾದರೇನು?” ಎನ್ನುವವರು 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ನಡೆದುದನ್ನು ನೆನೆಯಬೇಕು. ಮುಚ್ಚಬೇಕೆಂಬ ಆಜ್ಞೆ ಹೋದರೂ ಅಲ್ಲಿನ ಒಂದು ಕವಾಟ ತೆರೆದೇ ಸಿಕ್ಕಿಕೊಂಡಿತು. ಸೂಚಕ ದೀಪವು ತೋರಿಸುತ್ತಿದ್ದುದು ಕೊಟ್ಟ ಆಜ್ಞೆಯನ್ನೇ ಹೊರತು ಕವಾಟದ ಸ್ಥಿತಿಯನ್ನಲ್ಲ. ದೀಪ ಆರಿದುದನ್ನು ಕಂಡ ನೌಕರರು ಕವಾಟ ಮುಚ್ಚಿತೆಂದೇ ನಂಬಿದರು. ಎರಡು ಗಂಟೆಗೂ ಮೀರಿ ತಂಪುಗೊಳಿಸುವ ನೀರು ಹೊರಹೋಯಿತು. ರಿಯಾಕ್ಟರಿನ ಗರ್ಭದ ಸುಮಾರು ಅರ್ಧ ಭಾಗ ಕರಗಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಮಾತು ದೀಪಕ್ಕೂ ಸಲ್ಲುತ್ತದೆ.

ಹಾಗಾದರೆ ತಿದ್ದುವ ಬಗೆ ಹೇಗೆ? ಕೊಟ್ಟ ಆಜ್ಞೆಯನ್ನಲ್ಲ, ವಸ್ತುವಿನ ನಿಜಸ್ಥಿತಿಯನ್ನು ನೋಡಿ ಉತ್ತರ ಹೇಳಿಸಬೇಕು. ಆದರೆ ಹೊಸ ಗುರುತುಗಳನ್ನು ಮನಬಂದಂತೆ ಹೂಡಬಾರದು. ಆ ಕಡತವನ್ನು ಓದುತ್ತಿರುವ ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂಬುದು ಲಿನಕ್ಸಿನವರು ಬಿಗಿಯಾಗಿ ಹಿಡಿದಿರುವ ನಿಯಮ. ದೋಷ ಯಾವ ಹಿಂದಿನ ಬದಲಾವಣೆಯಿಂದ ಬಂತೆಂಬುದನ್ನು ತಿದ್ದುಪಡಿಯಲ್ಲಿಯೇ ಹೆಸರಿಸುವ ಪದ್ಧತಿಯೂ ಅವರಲ್ಲುಂಟು. ಯಾರನ್ನೂ ಹಳಿಯುವುದಕ್ಕಲ್ಲ, ಮುಂದಿನವರಿಗೆ ದಾರಿ ತಿಳಿಯಲೆಂದು.

ಇಂಥ ತಿದ್ದುಪಡಿ ನಾಲ್ಕಾರು ಸಾಲುಗಳಲ್ಲಿ ಮುಗಿದೀತು. ಅದನ್ನು ಮಾಡಿದವನಿಗೆ ಹೂಮಾಲೆಯೇನೂ ಬೀಳದು. ಆದರೂ ಹೊಸ ಯಂತ್ರವನ್ನು ಕಟ್ಟಿದವನಿಗೆ ಸಲ್ಲುವ ಗೌರವ, ಕಟ್ಟಿದ ಯಂತ್ರಕ್ಕೆ ನಿಜ ಹೇಳಲು ಕಲಿಸಿದವನಿಗೂ ಸಲ್ಲಬೇಕೆಂದು ನಾನು ವಾದಿಸುತ್ತೇನೆ.