ಹಡಗಿನ ತಳಕ್ಕೆ ಮೆಣಸಿನ ಹೊಲದ ಪಾಠ

ಮೆಣಸಿನ ಗಿಡಕ್ಕೆ ನುಸಿ ಬಿದ್ದು ಎಲೆ ಮುರುಟಿತೆಂದರೆ ಸವದತ್ತಿ, ಬೈಲಹೊಂಗಲದ ಕಡೆಯ ರೈತ ಅಂಗಡಿಗೆ ಹೋಗಿ ‘ಎಣ್ಣಿ’ ಕೇಳುತ್ತಾನೆ. ಈ ಕೆಲಸಕ್ಕೆ ಇರುವ ಔಷಧಗಳಲ್ಲಿ ಕ್ಲೋರ್‌ಫೆನಪೈರ್ ಒಂದು. ನಮ್ಮ ದೇಶದಲ್ಲಿ ಅದು ಮೆಣಸಿನಕಾಯಿ ಮತ್ತು ಕ್ಯಾಬೇಜ್ ಬೆಳೆಗೆ ನೋಂದಣಿಯಾಗಿದೆ. ಡಬ್ಬಿಯಲ್ಲಿರುವ ರೂಪದಲ್ಲೇ ಅದು ಹುಳವನ್ನು ಕೊಲ್ಲುವುದಿಲ್ಲ. ಹುಳದ ಒಡಲು ಸೇರಿದ ಮೇಲೆ ಟ್ರಾಲೊಪಿರಿಲ್ ಎಂಬ ಬೇರೊಂದು ವಸ್ತುವಾಗಿ ಬದಲಾಗಿ, ಜೀವಕೋಶಕ್ಕೆ ಶಕ್ತಿ ಹುಟ್ಟದಂತೆ ಮಾಡುತ್ತದೆ. ಟ್ರಾಲೊಪಿರಿಲನ್ನೇ ನೇರವಾಗಿ ಸಿಂಪಡಿಸಿದರೆ ಬೆಳೆಯ ಎಲೆಯೇ ಸುಡುತ್ತದೆ; ಅದಕ್ಕಾಗಿಯೇ ಈ ಸುತ್ತುದಾರಿ.

ಇದೇ ಟ್ರಾಲೊಪಿರಿಲ್ ಇಂದು ಹಡಗಿನ ತಳಕ್ಕೆ ಬಳಿಯುವ ಬಣ್ಣಗಳಲ್ಲಿದೆ. ಬಾರ್ನಕಲ್, ಪಚ್ಚಿಲೆಯಂಥ ಚಿಪ್ಪುಜೀವಿಗಳು ಅಂಟದಂತೆ ತಡೆಯಲು ಲೋಹದ ಬದಲು ಬಳಸುವ ವಿಷಗಳಲ್ಲಿ ಅದು ಮುಖ್ಯವಾದದ್ದು. ಹೊಲದ ಔಷಧ, ಹಡಗಿನ ಬಣ್ಣ ಎರಡರ ಮೂಲಪುರುಷನೂ ಒಬ್ಬನೇ: ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ. ಅದು ತಯಾರಿಸುವ ಡಯಾಕ್ಸಪಿರೊಲೊಮೈಸಿನ್ ಎಂಬ ವಸ್ತುವಿನ ಜಾಡು ಹಿಡಿದೇ ರಸಾಯನಶಾಸ್ತ್ರಜ್ಞರು ಇಲ್ಲಿಗೆ ಬಂದು ಮುಟ್ಟಿದರು.

ಸಮುದ್ರದ ಬ್ಯಾಕ್ಟೀರಿಯಾದಿಂದ ಪರಿಸರಸ್ನೇಹಿ ಬಣ್ಣ ಬರಲಿದೆ ಎಂಬ ಮಾತು ವಿಜ್ಞಾನ ವಲಯದಲ್ಲಿ ಬಹಳ ದಿನದಿಂದ ಇದೆ. ‘ನೈಸರ್ಗಿಕ’ ಎಂಬ ಹಣೆಪಟ್ಟಿ ಕಂಡೊಡನೆ ತಲೆಯಾಡಿಸುವ ಮೊದಲು ಈ ಹೊಲ–ಹಡಗಿನ ನಂಟನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕ್ಲೋರ್‌ಫೆನಪೈರ್‌ಗೆ ಪ್ರತಿವಿಷವಿಲ್ಲ. 2016ರಲ್ಲಿ ಪಾಕಿಸ್ತಾನದ ಪಂಜಾಬ್‌ನಲ್ಲಿ ಅದು ಬೆರೆತ ಸಿಹಿತಿಂಡಿ ತಿಂದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅದರ ಮೂಲವೂ ಪ್ರಕೃತಿಯೇ.

ಸಮುದ್ರದ ಸಮಸ್ಯೆಯೇನೋ ಸಣ್ಣದಲ್ಲ. ಹೊಸ ಹಲಗೆಯೊಂದನ್ನು ಉಪ್ಪುನೀರಿಗೆ ಇಳಿಸಿದ ಕೆಲವೇ ನಿಮಿಷಗಳಲ್ಲಿ ಸಾವಯವ ವಸ್ತುವಿನ ತೆಳುಪೊರೆ ಕೂರುತ್ತದೆ. ಕೆಲವು ತಾಸಿನಲ್ಲಿ ಬ್ಯಾಕ್ಟೀರಿಯಾ ಬಂದು ಲೋಳೆ ಕಟ್ಟುತ್ತವೆ. ಆಮೇಲೆ ಪಾಚಿ, ಅದರ ಹಿಂದೆ ಚಿಪ್ಪುಜೀವಿಗಳ ಮರಿ. ಇವುಗಳಲ್ಲಿ ಬಾರ್ನಕಲ್ ಮರಿಯ ವರ್ತನೆ ನೋಡುವಂಥದ್ದು. ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಅದು ತನ್ನ ಎರಡು ಮೀಸೆಗಳನ್ನೇ ಕಾಲು ಮಾಡಿಕೊಂಡು ಹಲಗೆಯ ಮೇಲೆ ನಡೆಯುತ್ತದೆ, ನಿಂತು ಪರೀಕ್ಷಿಸುತ್ತದೆ, ಹಿಡಿಸದಿದ್ದರೆ ಈಜಿಕೊಂಡು ಹೊರಟುಹೋಗುತ್ತದೆ. ಹಿಡಿಸಿತೋ, ತಲೆಯನ್ನೇ ಅಂಟಿಸಿಕೊಂಡು ಜೀವಮಾನವಿಡೀ ಅಲ್ಲೇ ಠಿಕಾಣಿ. ಹಡಗಿನ ತಳದ ಅರ್ಧಭಾಗಕ್ಕೆ ಅರ್ಧ ಮಿಲಿಮೀಟರ್ ಲೋಳೆ ಹಿಡಿದರೂ ಇಂಗಾಲದ ಹೊಗೆ ಶೇ 25ರಿಂದ 30ರಷ್ಟು ಹೆಚ್ಚಬಹುದು ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಆಶ್ರಯದ ಅಧ್ಯಯನ ಹೇಳಿದೆ. ಹೊಗೆ ಹೆಚ್ಚಿತೆಂದರೆ ಇಂಧನ ಹೆಚ್ಚು ಸುಟ್ಟಿತು ಎಂದೇ ಅರ್ಥ.

ಇದಕ್ಕೆ ಕಳೆದ ಶತಮಾನ ಕಂಡುಕೊಂಡ ಮದ್ದು ಟ್ರೈಬ್ಯುಟೈಲ್ ಟಿನ್, ಅಂದರೆ ಟಿಬಿಟಿ. ಅದು ಚೆನ್ನಾಗಿಯೇ ಕೆಲಸ ಮಾಡಿತು, ಅತಿಯಾಗಿಯೇ ಮಾಡಿತು. ಫ್ರಾನ್ಸಿನ ಆರ್ಕಶೋ ಕೊಲ್ಲಿಯಲ್ಲಿ ಸಿಂಪಿ ಸಾಕಣೆ ಕುಸಿಯಿತು. ಹಲವು ಕಡೆ ಹೆಣ್ಣು ಶಂಖದಹುಳುಗಳಲ್ಲಿ ಗಂಡಿನ ಅಂಗ ಬೆಳೆಯತೊಡಗಿತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿರ್ಬಂಧಿಸಿತು. ಜಾಗತಿಕ ನಿಷೇಧದ ಒಪ್ಪಂದ ಜಾರಿಗೆ ಬರಲು 2008ರ ಸೆಪ್ಟೆಂಬರ್ ಆಗಬೇಕಾಯಿತು. ಅಪಾಯ ಗೊತ್ತಾದ ಮೇಲೂ ಇಪ್ಪತ್ತಾರು ವರ್ಷ. ಬದಲಿಗೆ ಬಂದದ್ದು ಹಳೆಯ ತಾಮ್ರವೇ. ಮೈಲುತುತ್ತ ಕಲಸಿ ಬೋರ್ಡೊ ದ್ರಾವಣ ಮಾಡಿದವರಿಗೆ ಅದರ ಗುಣ ಹೇಳಬೇಕಿಲ್ಲ. ತಾಮ್ರ ಕೊಳೆತು ಕರಗುವ ವಸ್ತುವಲ್ಲ, ಬಂದರಿನ ಕೆಸರಿನಲ್ಲಿ ಉಳಿಯುತ್ತದೆ. ಅದಕ್ಕೆ ಜೊತೆಯಾಗಿ ಬಳಸುತ್ತಿದ್ದ ಸೈಬುಟ್ರಿನ್ ಎಂಬ ಪಾಚಿನಾಶಕಕ್ಕೂ 2023ರಿಂದ ನಿಷೇಧ ಬಿದ್ದಿದೆ.

ಸಮುದ್ರದ ಬ್ಯಾಕ್ಟೀರಿಯಾಗಳತ್ತ ವಿಜ್ಞಾನಿಗಳು ತಿರುಗಿದ್ದು ಈ ಇಕ್ಕಟ್ಟಿನಲ್ಲಿ. ಸ್ವೀಡನ್ ಕರಾವಳಿಯ ಮೆತ್ತನೆಯ ಕಡಲಜೀವಿಯೊಂದರ ಮೈಮೇಲೆ ಸ್ಯೂಡೊಆಲ್ಟೆರೊಮೊನಾಸ್ ಟ್ಯೂನಿಕೇಟಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಬಾರ್ನಕಲ್ ಮರಿ, ಪಾಚಿಯ ಬೀಜಕ, ಶಿಲೀಂಧ್ರ, ಬೇರೆ ಬ್ಯಾಕ್ಟೀರಿಯಾ ಎಲ್ಲವನ್ನೂ ದೂರವಿಡುವ ಬೇರೆಬೇರೆ ವಸ್ತುಗಳನ್ನು ಅದು ಸ್ರವಿಸುತ್ತದೆ. ಆಸ್ಟ್ರೇಲಿಯಾದ ಒಂದು ಕೆಂಪು ಪಾಚಿಯದು ಇನ್ನೂ ಜಾಣತನ: ಬ್ಯಾಕ್ಟೀರಿಯಾಗಳು ಗುಂಪುಕಟ್ಟಲು ಪರಸ್ಪರ ಕಳಿಸುವ ರಾಸಾಯನಿಕ ಸಂದೇಶವನ್ನೇ ಕೆಡಿಸಿಬಿಡುತ್ತದೆ. ಅದೇ ಸ್ಯೂಡೊಆಲ್ಟೆರೊಮೊನಾಸ್ ಕುಲದ ಮತ್ತೊಂದು ಪ್ರಭೇದ ಮಾತ್ರ ತದ್ವಿರುದ್ಧ. ಹಡಗಿಗೆ ಅಂಟುವ ಕೊಳವೆಹುಳುವಿನ ಮರಿಗಳನ್ನು ಕರೆದು ಕೂರಿಸುತ್ತದೆ. ಕುಲದ ಹೆಸರು ನೋಡಿ ಒಳ್ಳೆಯದು, ಕೆಟ್ಟದ್ದು ಎನ್ನುವಂತಿಲ್ಲ.

ಇಷ್ಟಾದರೂ ಸಮುದ್ರದ ಬ್ಯಾಕ್ಟೀರಿಯಾದಿಂದ ನೇರವಾಗಿ ಬಂದ ವಸ್ತು ಮಾರುಕಟ್ಟೆಯ ಪ್ರಮುಖ ಬಣ್ಣಗಳಲ್ಲಿ ಇನ್ನೂ ಜಾಗ ಹಿಡಿದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕೆಲಸ ಮಾಡುವುದು ಬೇರೆ, ಬಣ್ಣದಲ್ಲಿ ಬೆರೆತು ವರ್ಷಗಟ್ಟಲೆ ತುಸುತುಸುವೇ ಹೊರಬೀಳುವುದು ಬೇರೆ. ಬ್ಯಾಕ್ಟೀರಿಯಾ ಕೊಡುವುದು ಮಿಲಿಗ್ರಾಂ ಲೆಕ್ಕದಲ್ಲಿ, ಹಡಗುಕಟ್ಟೆಗೆ ಬೇಕಾದದ್ದು ಟನ್ ಲೆಕ್ಕದಲ್ಲಿ. ಜೊತೆಗೆ, ಬೇಗ ಕರಗಿಹೋಗುವ ಗುಣ ಪರಿಸರಕ್ಕೆ ವರ, ಬಣ್ಣ ಮಾಡುವವರಿಗೆ ತಲೆನೋವು. ಟ್ರಾಲೊಪಿರಿಲ್ ಸಮುದ್ರದ ನೀರಿನಲ್ಲಿ ಒಂದು ದಿನದೊಳಗೇ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ ಅದು ಟಿಬಿಟಿಗಿಂತ ಎಷ್ಟೋ ಮೇಲು. ಆದರೆ ಕರಗುವ ಮುನ್ನ ಮೀನಿಗೂ ಮರಿಚಿಪ್ಪುಗಳಿಗೂ ಅದು ಘೋರ ವಿಷ. ಹಾಗಾಗಿ ನನ್ನ ಮಟ್ಟಿಗೆ ಹೆಚ್ಚು ಭರವಸೆ ಕಾಣುವುದು ಕೊಲ್ಲುವ ವಸ್ತುಗಳಲ್ಲಲ್ಲ, ಕೂರಲು ಬಿಡದೆ ಓಡಿಸುವ ವಸ್ತುಗಳಲ್ಲಿ. ಅದು ಸಾಧ್ಯ ಎನ್ನುವುದಕ್ಕೆ ಮೆಡೆಟೊಮಿಡಿನ್ ಸಾಕ್ಷಿ. ಪಶುವೈದ್ಯರು ನಾಯಿ–ಬೆಕ್ಕುಗಳಿಗೆ ಮಂಪರು ಬರಿಸಲು ಕೊಡುವ ಈ ಔಷಧ ಬಾರ್ನಕಲ್ ಮರಿಯನ್ನು ಮಾತ್ರ ಉದ್ರೇಕಗೊಳಿಸಿ ಈಜುತ್ತಲೇ ಇರುವಂತೆ ಮಾಡುತ್ತದೆ. ಬಣ್ಣದಲ್ಲಿ ಅದು ಆಗಲೇ ಬಳಕೆಯಲ್ಲಿದೆ. ಅದು ಪ್ರಕೃತಿಜನ್ಯವಲ್ಲ, ಕಾರ್ಖಾನೆಯ ಕೂಸು ಎಂಬುದನ್ನೂ ಗಮನಿಸಬೇಕು.

ಮಲಪ್ರಭೆಯ ದಂಡೆಯಲ್ಲಿ ಕೂತವರಿಗೆ ಇದೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ನದಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಹೋಗುವುದೂ ಪೂರ್ವದ ಕಡಲಿಗೆ. ಆದರೆ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟುವವರೆಗೆ ಕಿತ್ತೂರು, ರಾಮದುರ್ಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಅದೇ ಊರಿನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಪಂಜರದಲ್ಲಿ ಮೀನು ಸಾಕುವ ಪ್ರಯೋಗಗಳು ಅಲ್ಲಿ ನಡೆದಿವೆ, ಪಂಜರದ ಬಲೆಗೆ ಹತ್ತುವುದೂ ಇದೇ ಚಿಪ್ಪು–ಪಾಚಿ. 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆಯೂ ಅಲ್ಲೇ. ಹೊಲದ ಔಷಧಗಳನ್ನು ಬಲ್ಲ ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಸ್ಪೈನೊಸ್ಯಾಡ್, ಎಮಾಮೆಕ್ಟಿನ್‌ಗಳನ್ನು ನಮ್ಮ ಕಡೆಯ ರೈತರು ಬಳಸುತ್ತಲೇ ಬಂದಿದ್ದಾರೆ. ಒಂದೇ ಔಷಧವನ್ನು ಪದೇಪದೇ ಹೊಡೆದರೆ ಹುಳ ಜಗ್ಗುವುದಿಲ್ಲ, ಪ್ರಮಾಣ ಮೀರಿದರೆ ಜೇನ್ನೊಣವೂ ಸಾಯುತ್ತದೆ ಎಂಬ ಹೊಲದ ತಿಳಿವಳಿಕೆ ಕಡಲಿಗೆ ಔಷಧ ಹುಡುಕುವವರಿಗೂ ಬೇಕಾದದ್ದೇ. ಇವರೆಲ್ಲ ಕೂಡಿ ಕಾರವಾರದ ನೀರಿನಲ್ಲಿ ಹಲಗೆ ತೂಗಿಬಿಟ್ಟು ಮಳೆಗಾಲ, ಬೇಸಿಗೆ ಎರಡನ್ನೂ ದಾಟಿಸಿ ನೋಡುವ ಪರೀಕ್ಷೆಗೆ ಅಂಥ ದೊಡ್ಡ ಖರ್ಚೇನೂ ಇಲ್ಲ. ಸ್ವೀಡನ್ನಿನ ತಣ್ಣೀರಿನಲ್ಲಿ ಗೆದ್ದ ಬಣ್ಣ ನಮ್ಮ ಬೆಚ್ಚನೆಯ ನೀರಿನಲ್ಲಿ ಗೆಲ್ಲುತ್ತದೆಂಬ ಖಾತರಿ ಇಲ್ಲ.

ಇನ್ನು ಕಾನೂನು. ಟಿಬಿಟಿ ನಿಷೇಧಿಸಿದ ಒಪ್ಪಂದದ ಪ್ರಕಾರ ಸಮೀಕ್ಷೆ, ಪ್ರಮಾಣಪತ್ರ ಬೇಕಾಗುವುದು ಅಂತರರಾಷ್ಟ್ರೀಯ ಯಾನದ 400 ಟನ್ನೇಜ್‌ಗಿಂತ ದೊಡ್ಡ ಹಡಗುಗಳಿಗೆ. ಅದಕ್ಕಿಂತ ಚಿಕ್ಕದಾದರೂ 24 ಮೀಟರ್ ಅಥವಾ ಹೆಚ್ಚು ಉದ್ದದವಕ್ಕೆ ಒಂದು ಘೋಷಣಾಪತ್ರ ಸಾಕು. ಮಲ್ಪೆ, ಕಾರವಾರದ ಮೀನುಗಾರಿಕಾ ದೋಣಿಗಳು ಬಹುಪಾಲು ಇದಕ್ಕಿಂತ ಚಿಕ್ಕವು. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ಅವಧಿಯಲ್ಲಿ ಅವನ್ನು ದಡಕ್ಕೆಳೆದು, ತಳ ಹೆರೆದು, ಬಣ್ಣ ಬಳಿಯುತ್ತಾರೆ. ಯಾವ ಬಣ್ಣ, ಅದರಲ್ಲಿ ಏನಿದೆ ಎಂದು ತೋರಿಸುವ ಪ್ರಮಾಣಪತ್ರವನ್ನು ಈ ಒಪ್ಪಂದ ಆ ಮೀನುಗಾರರಿಂದ ಕೇಳುವುದಿಲ್ಲ. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಯ ಮೇಲೆ 1968ರ ಕೀಟನಾಶಕ ಕಾಯ್ದೆಯಂತೆ ಬಣ್ಣದ ತ್ರಿಕೋನವಿರುತ್ತದೆ, ಯಾವ ಬೆಳೆಗೆ ಎಷ್ಟು ಎಂದು ಬರೆದಿರುತ್ತದೆ. ಬ್ಯಾಕ್ಟೀರಿಯಾದಿಂದ ಬಂದದ್ದಾಗಲಿ, ತಾಮ್ರದ್ದಾಗಲಿ, ದೋಣಿಯ ಬಣ್ಣದ ಡಬ್ಬಿಯ ಮೇಲೂ ಅಷ್ಟು ಮಾಹಿತಿ ಕನ್ನಡದಲ್ಲಿ ಇರಬೇಕೆಂದು ರಾಜ್ಯದ ಮೀನುಗಾರಿಕೆ ಇಲಾಖೆ ಮುಂದಿನ ಜೂನ್‌ನೊಳಗೆ ಕೇಳಬಹುದು. ಹೊಸ ಅಣುವಿನ ಸಂಶೋಧನೆ ಮುಗಿಯುವವರೆಗೆ ಅದಕ್ಕೆ ಕಾಯುವ ಅಗತ್ಯವಿಲ್ಲ.