ಹೊಗೆ ಮೇಲಕ್ಕೆ, ಅನಿಲ ಕೆಳಕ್ಕೆ

ಹೋಟೆಲುಗಳ ಮತ್ತು ವಿದ್ಯಾರ್ಥಿನಿಲಯಗಳ ಅಡುಗೆಮನೆಗಳಲ್ಲಿ ಒಲೆಗಳ ಮೇಲೆ ತಗಡಿನ ದೊಡ್ಡ ಹುಡ್ ಇರುವುದನ್ನು ವಾಚಕರು ಕಂಡಿರಬಹುದು. ಅದರ ಜಾಲರಿಗಳು ಎಣ್ಣೆಯ ಜಿಡ್ಡನ್ನು ತಡೆಹಿಡಿಯುತ್ತವೆ. ಫ್ಯಾನು ಹೊಗೆಯನ್ನೂ ಶಾಖವನ್ನೂ ಕೊಳವೆಯ ಮೂಲಕ ಹೊರದೂಡುತ್ತದೆ. ಇದೊಂದಿದ್ದರೆ ಅಡುಗೆಮನೆಯು ಸುರಕ್ಷಿತವೆಂಬ ನಂಬಿಕೆ ಅನೇಕರಲ್ಲಿದೆ. ಆ ನಂಬಿಕೆಯನ್ನು ನಾವು ಒಪ್ಪಲಾರೆವು.

ಬಿಸಿಯಾದ ಗಾಳಿ ಮೇಲೇರುತ್ತದೆ. ಹುಡ್ಡಿನ ಕಾರ್ಯಕ್ಕೆ ಇದೇ ಆಧಾರ. ಸಿಲಿಂಡರಿನೊಳಗಣ ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳಾದರೋ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವುಳ್ಳವು. ಸೋರಿದ ಅನಿಲವು ನೆಲದ ಮೇಲೆ ಹರಡಿ ತಗ್ಗುಗಳಲ್ಲಿ ನಿಲ್ಲುತ್ತದೆ. ಮೇಲಣ ಹುಡ್ಡಿಗೆ ಸುಲಭವಾಗಿ ದಕ್ಕದು. ಗಾಳಿಯಲ್ಲಿ ಸುಮಾರು ಶೇಕಡ 2ರಷ್ಟು ಬೆರೆತರೂ ಒಂದು ಕಿಡಿಯಿಂದ ಹೊತ್ತಿಕೊಳ್ಳಬಲ್ಲದು. ವಾಸನೆ ಬಂದೊಡನೆ ಫ್ಯಾನಿನ ಸ್ವಿಚ್ಚನ್ನು ಒತ್ತುವವರು ಆ ಕಿಡಿಯನ್ನು ತಾವೇ ಒದಗಿಸಿಯಾರು! ಯಾವ ಸ್ವಿಚ್ಚನ್ನೂ ಮುಟ್ಟದೆ, ಉರಿಯನ್ನು ಆರಿಸಿ, ಸಿಲಿಂಡರಿನ ಕವಾಟವನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಬರುವುದೇ ಸರಿಯಾದ ಕ್ರಮ.

ಬುನ್ಸೆನ್ ಬರ್ನರಿನ ಗಾಳಿರಂಧ್ರವನ್ನು ಮುಚ್ಚಿದರೆ ನೀಲಿ ಜ್ವಾಲೆಯು ಹಳದಿಯಾಗುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿದ್ದಾರಷ್ಟೆ. ಅಡುಗೆಯ ಒಲೆಯದೂ ಅದೇ ತತ್ತ್ವ. ಅದರ ರಂಧ್ರಗಳಲ್ಲಿ ಜಿಡ್ಡು ಕಟ್ಟಿದರೆ, ಅಥವಾ ಫ್ಯಾನು ಹೊರದೂಡಿದಷ್ಟು ಹೊಸ ಗಾಳಿ ಒಳಬರದಿದ್ದರೆ, ದಹನವು ಅಪೂರ್ಣವಾಗಿ ಇಂಗಾಲದ ಮಾನಾಕ್ಸೈಡು ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿಯುತ್ತದೆ.

ಹುಡ್ಡನ್ನೇ ಅಲಕ್ಷಿಸಿದರೆ ಅದೂ ಅಪಾಯಕರವೇ. ಜಾಲರಿಗಳನ್ನು ತೊಳೆಯದಿದ್ದರೆ ಜಿಡ್ಡು ಕೊಳವೆಯೊಳಗೆ ಪದರಗಟ್ಟುತ್ತದೆ. ಬಾಣಲೆಯ ಉರಿ ಅದಕ್ಕೆ ತಗುಲಿತೆಂದರೆ, ಹೊಗೆಯನ್ನು ಸೆಳೆಯಬೇಕಾದ ಫ್ಯಾನು ಬೆಂಕಿಯನ್ನೇ ಮೇಲಕ್ಕೆ ಸೆಳೆಯುತ್ತದೆ.

ಇದಕ್ಕೆಲ್ಲ ಬಿಡುವೆಲ್ಲಿ, ಹಣವೆಲ್ಲಿ ಎಂದು ಮಾಲೀಕರು ಕೇಳಬಹುದು. ಕೊಳವೆಯ ಶುದ್ಧಿಗೆ ಹಣ ಬೇಕು, ನಿಜ. ಆದರೆ ನಳಿಕೆಯ ಕೀಲುಗಳಿಗೆ ಸಾಬೂನಿನ ನೀರು ಸವರಿ ಗುಳ್ಳೆ ಏಳುವುದೇ ಎಂದು ನೋಡುವುದಕ್ಕೆ ತಗಲುವ ವೆಚ್ಚವೆಷ್ಟು? ಅದನ್ನು ಉಳಿಸಿದರೆ ಲಾಭ ಮಾಲೀಕನಿಗೆ. ಅಪಾಯವಾದರೋ ಬೆಳಗಿನಿಂದ ರಾತ್ರಿಯವರೆಗೆ ಒಲೆಯ ಮುಂದೆ ನಿಲ್ಲುವ ಅಡುಗೆಯವರಿಗೆ.

ಆದಕಾರಣ ಪ್ರತಿಯೊಂದು ಅಡುಗೆಮನೆಯ ಗೋಡೆಯ ಮೇಲೂ ಒಂದು ಪುಸ್ತಕ ತೂಗಬೇಕೆಂಬುದು ನಮ್ಮ ಅಭಿಪ್ರಾಯ. ಜಾಲರಿ ತೊಳೆದ ದಿನ, ಬರ್ನರು ಶುದ್ಧಿಮಾಡಿದ ದಿನ, ಕೀಲುಗಳನ್ನು ಪರೀಕ್ಷಿಸಿದ ದಿನ, ನಳಿಕೆ ಬದಲಾಯಿಸಿದ ದಿನ ಇವೆಲ್ಲ ಸಹಿಯೊಡನೆ ಅದರಲ್ಲಿರಲಿ. ಉಣ್ಣುವವರಿಗೂ ಅದನ್ನು ನೋಡುವ ಹಕ್ಕಿರಲಿ. ವಿದ್ಯಾರ್ಥಿನಿಲಯದಲ್ಲಿರುವ ತರುಣರೇ ಇಂಥ ಪುಸ್ತಕವನ್ನು ಮೊದಲು ಕೇಳಲಿ. ಊಟದ ರುಚಿಯನ್ನು ಕುರಿತು ದೂರು ಹೇಳುವವರು, ಅದನ್ನು ಬೇಯಿಸುವವರ ಉಸಿರನ್ನು ಕುರಿತೂ ವಿಚಾರಿಸುವುದು ನ್ಯಾಯವಲ್ಲವೆ?